ಎಂಟನೇ ನಂಬರಿನ ಕಡ್ಡಿ

ಎಡತೊಡೆಯ ಮೇಲೊಂದು ಕಲೆಯಿದೆ, ಹೆಸರುಕಾಳಿನಷ್ಟು.
ಮಂಡಿಗೆ ಎರಡು ಸಲ ಕತ್ತರಿ ಬಿದ್ದಿದೆ, ಕಿವಿ ಹೂಕೋಸಾಗಿದೆ,
ಬೆಳಿಗ್ಗೆ ಕಾಲುಚೀಲ ತೊಡುವುದೇ ಈಗೊಂದು ಪಂದ್ಯ.
ಆದರೂ ಯಾರಾದರೂ ಕೇಳಿದರೆ
ನಾನು ತೋರಿಸುವುದು ಆ ಕಲೆಯನ್ನೇ.

ಮೋರ್ಕಾಂಬ್, ಎಪ್ಪತ್ಮೂರರ ನವೆಂಬರ್.
ಹೊರಗೆ ಕತ್ತಲಲ್ಲಿ ಕಡಲು ತನ್ನಷ್ಟಕ್ಕೆ ಗೊಣಗುತ್ತಿತ್ತು,
ಒಳಗೆ ಸಿಗರೇಟಿನ ಹೊಗೆ, ಒದ್ದೆ ಉಣ್ಣೆಕೋಟುಗಳ ವಾಸನೆ.
ಮುಂದಿನ ಸಾಲಿನಲ್ಲಿ ಎಡ್ನಾ ಟ್ಯಾಟರ್ಸಾಲ್—
ಪ್ರತಿ ಗುರುವಾರ ಅದೇ ಕುರ್ಚಿ, ಟಿಕೆಟ್ಟಿನವನೂ ಹೆಸರು ಹಿಡಿದೇ ಕೂಗುತ್ತಿದ್ದ—
ಮಡಿಲಲ್ಲಿ ಅರ್ಧ ಹೆಣೆದ ನೀಲಿ ಸ್ವೆಟರು.
ನಾನು ಡೆನಿಸ್ ಹೊರಾಕ್ಸನ ಕೂದಲು ಹಿಡಿದು
ಅವನ ಮುಖವನ್ನು ಹಗ್ಗಕ್ಕೆ ಉಜ್ಜುತ್ತಿದ್ದೆ,
ರೆಫರಿ ಆಚೆ ನೋಡುವಾಗ ಮಾತ್ರ, ಅದು ನಿಯಮ.
ಆಗ ಚುಚ್ಚಿದಳು. ಎಂಟನೇ ನಂಬರಿನ ಕಡ್ಡಿ.
ಒಂದಿಂಚು.

ಆಗ ನಾನು ಕೌಂಟ್ ಓಸ್ಟ್ರಾವ್.
ಪೋಸ್ಟರಿನ ಪ್ರಕಾರ ನನ್ನದೊಂದು ಕೋಟೆಯಿತ್ತು, ಅದರಲ್ಲಿ ತೋಳಗಳಿದ್ದವು.
ನಿಜಕ್ಕೂ ಓಲ್ಡಮ್ಮಿನ ಹತ್ತಿಗಿರಣಿಯ ಹಿಂದಿನ ಓಣಿಯವನು,
ಕ್ಲಿಫರ್ಡ್ ಎಂಟ್‌ವಿಸಲ್, ಕಡಲು ದಾಟಿದವನೇ ಅಲ್ಲ.
ಬಾಯಿ ಬಿಟ್ಟರೆ ಓಣಿ ಹೊರಗೆ ಬೀಳುತ್ತಿತ್ತು,
ಅದಕ್ಕೇ ಹನ್ನೊಂದು ವರ್ಷ ಜನರೆದುರು ಮಾತಾಡಲಿಲ್ಲ.
ಅಂಗಡಿಯಲ್ಲಿ ಬ್ರೆಡ್ಡಿಗೆ ಬೆರಳು ತೋರಿಸಿದೆ,
ಮಗಳ ಶಾಲೆಯ ಗೇಟಿನಲ್ಲಿ ಬರೀ ತಲೆಯಾಡಿಸಿದೆ.
ರಾತ್ರಿ ಮನೆಗೆ ಬಂದು ಐರೀನಳ ಮುಂದೆ
ಕೂಡಿಟ್ಟ ಮಾತನ್ನೆಲ್ಲ ಸುರಿಯುತ್ತಿದ್ದೆ.
ಅವಳಿಗೆ ಅರ್ಧಕ್ಕೇ ನಿದ್ದೆ.

ಡೆನಿಸನೂ ನಾನೂ ಬರುತ್ತಿದ್ದುದು ಒಂದೇ ವ್ಯಾನಿನಲ್ಲಿ,
ಒಂದೇ ಪೊಟ್ಟಣದ ಮೀನು, ಚಿಪ್ಸು.
ಟೌನ್‌ಹಾಲಿಗೆ ಎರಡು ಬೀದಿ ಇರುವಾಗಲೇ
ನಾನಿಳಿದು ಮಳೆಯಲ್ಲಿ ನಡೆಯುತ್ತಿದ್ದೆ.
ಗೆಳೆತನದ ಗುಟ್ಟು ರಟ್ಟಾದರೆ ಇಬ್ಬರ ಒಲೆಯೂ ಆರುತ್ತಿತ್ತು.
ವಾರಕ್ಕೆ ಐದು ರಾತ್ರಿ ಅವನ ಕುತ್ತಿಗೆ ನನ್ನ ಕೈಯಲ್ಲಿ;
ಒಮ್ಮೆಯೂ ಉಳುಕಿಸಲಿಲ್ಲ.
ಸುಳ್ಳಾಟ ಅಂತೀರಿ. ಇರಬಹುದು.
ಇಷ್ಟು ಜೋಪಾನದ ಸುಳ್ಳನ್ನು
ನೀವು ಯಾರ ಜೊತೆ ಆಡಿದ್ದೀರಿ?

ಹೋದ ಶನಿವಾರ ಮೊಮ್ಮಗ ಪ್ರೆಸ್ಟನ್ನಿಗೆ ಕರಕೊಂಡು ಹೋಗಿದ್ದ.
ಹಳೇ ಗೋದಾಮು, ನೇರಳೆ ದೀಪ, ಎದೆಗೆ ಗುದ್ದುವ ಸಂಗೀತ.
ಹುಡುಗರು ಚೆನ್ನಾಗಿ ಹಾರುತ್ತಾರೆ, ಕಂಬದ ತುದಿಯಿಂದ ಎರಡೆರಡು ಲಾಗ,
ಬೆನ್ನುಮೂಳೆ ಬಾಡಿಗೆಗೆ ತಂದವರ ಹಾಗೆ.
ಖಳ ಮೋಸ ಮಾಡಿದ. ಜನ ಚಪ್ಪಾಳೆ ತಟ್ಟಿದರು!
ಫೋನು ಎತ್ತಿ ಹಿಡಿದು, ಎಂಥಾ ಕೆಲಸಗಾರ ಎಂದರು.
ಬಿಡುವಿನಲ್ಲಿ ಅವನೇ ಮೇಜು ಹಾಕಿಕೊಂಡು
ತನ್ನ ಮುಖವಿರುವ ಟೀ ಶರ್ಟು ಮಾರಿದ,
ಮಕ್ಕಳನ್ನು ತಬ್ಬಿ ಫೋಟೋ ತೆಗೆಸಿಕೊಂಡ.
ಒಳ್ಳೆಯ ಹುಡುಗ. ನನಗೊಂದು ಪುಕ್ಕಟೆ ಕೊಟ್ಟ.
ಎಲ್ಲರಿಗೂ ಎಲ್ಲ ಗೊತ್ತು ಈಗ.
ಯಾರ ಮಡಿಲಲ್ಲೂ ಹೆಣಿಗೆಯಿರಲಿಲ್ಲ.

ಟೀವಿಯವರು ನಮ್ಮ ಶನಿವಾರಗಳನ್ನು ಕಿತ್ತುಕೊಂಡ ಮೇಲೆ
ಲ್ಯಾಂಕಾಸ್ಟರಿನ ಆಸ್ಪತ್ರೆಯಲ್ಲಿ ಗಾಲಿಮಂಚ ತಳ್ಳುತ್ತಿದ್ದೆ.
ಒಂದು ಮಧ್ಯಾಹ್ನ, ಆರನೇ ವಾರ್ಡಿನಿಂದ ಎಕ್ಸ್‌ರೇಗೆ,
ಹೊದಿಕೆಯಡಿ ಗುಬ್ಬಿಯಷ್ಟು ಮುದುಕಿ.
ಚೀಟಿಯ ಮೇಲಿನ ಹೆಸರು ನಾನು ಓದಿದೆ,
ನನ್ನ ಮುಖ ಅವಳು ಓದಿದಳು, ಬಹಳ ಹೊತ್ತು.
‘ನೀನು ಅವನ ಕೂದಲು ಹಿಡಿದಿದ್ದೆ’ ಎಂದಳು.

ಬಾಯಿತುದಿಗೆ ಬಂದಿತ್ತು:
ಅಮ್ಮಾ, ನನ್ನ ಮದುವೆಯಲ್ಲಿ ಉಂಗುರ ಹಿಡಿದು ನಿಂತವನೇ ಡೆನಿಸ್.
ನರ್ಸು ನಗಲು ಸಿದ್ಧಳಾಗಿ ಕಾಯುತ್ತಿದ್ದಳು.
ನಾನು ಗಾಲಿಮಂಚ ನಿಲ್ಲಿಸಿ
ಸಮವಸ್ತ್ರದ ಕಾಲರು ಮೇಲೆತ್ತಿ
ಕೋಟೆಯ ಬುರುಜಿನಿಂದ ನೋಡುವವನಂತೆ ಅವಳನ್ನು ನೋಡಿ
ತುಟಿ ಕೊಂಕಿಸಿದೆ.

ಅವಳ ಕೆನ್ನೆಗೆ ರಕ್ತ ಬಂತು.
ಡ್ರಿಪ್ ಚುಚ್ಚಿದ ಕೈಯಿಂದಲೇ ಮುಷ್ಟಿ ಕಟ್ಟಿದಳು.
ಎಕ್ಸ್‌ರೇ ಕೋಣೆಯವರೆಗೂ ಬೈದಳು, ಲಿಫ್ಟಿನಲ್ಲೂ ಬಿಡಲಿಲ್ಲ.
ನಾನು ತಿರುವುಗಳಲ್ಲಿ ನಿಧಾನಿಸಿದೆ,
ಅವಳ ಕುತ್ತಿಗೆ ಅಲುಗದ ಹಾಗೆ.